ಹಾರ್ಮೋನ್ ಓದಿದ ಹುಡುಗಿಗೆ ಗಂಡು ಹುಡುಕಿದ್ದು

ಬೇರೆಯವರು ಏನು ಓದಿದರೂ ಊರಿನವರಿಗೆ ಅರ್ಥವಾಗುತ್ತೆ. ಟೀಚರ್ ಅಂದರೆ ಟೀಚರ್, ನರ್ಸ್ ಅಂದರೆ ನರ್ಸ್. ನಾನು ಓದಿದ್ದು ಹಾರ್ಮೋನ್ ರಿಸೆಪ್ಟರ್. ಹಾಗಾಗಿ ಒಂದಲ್ಲ ಒಂದು ಪಜೀತಿ ನನ್ನ ಬೆನ್ನು ಬಿಡಲೇ ಇಲ್ಲ. ಈಗ ನೆನೆಸಿಕೊಂಡು ನಗ್ತೀನಿ. ಆಗ ನಗು ಬಂದಿರಲಿಲ್ಲ.

ತೊಂಬತ್ತರ ದಶಕದ ಮಾತು. ಅಪ್ಪ ಭೇರ್ಯದ ಹತ್ತಿರ ನಾಲೆ ನೀರಲ್ಲಿ ಭತ್ತ ಬೆಳೀತಿದ್ದರು. ನಾನು ಮೈಸೂರಿನ ಹಾಸ್ಟೆಲಿನಲ್ಲಿದ್ದುಕೊಂಡು ಪಿಎಚ್.ಡಿ. ಮಾಡ್ತಿದ್ದೆ. ಹರಿದು ಬರುವ ಹಾರ್ಮೋನನ್ನು ಜೀವಕೋಶದ ಮೇಲೆ ಕೂತ ಒಂದು ಪ್ರೋಟೀನು ಗುರುತು ಹಿಡಿದು ಒಳಗೆ ಸುದ್ದಿ ಮುಟ್ಟಿಸುತ್ತೆ. ಅದೇ ರಿಸೆಪ್ಟರ್. ಕುರಿಯಲ್ಲಿ ಅಂಥದ್ದೊಂದರ ಜೀನ್ ಹುಡುಕುವುದು ನನ್ನ ಕೆಲಸ.

ಅಪ್ಪನದು ಒಂದೇ ಮಾತು. "ಓದು ಮಗ, ಬ್ಯಾಡ ಅನ್ನಕಿಲ್ಲ. ಗಂಡಿನ ಕಡೆಯೋರು ಬತ್ತಾರೆ ಅಂದ್ ದಿವ್ಸ ಬಂದು ಕೂತ್ಕಬೇಕು ಅಷ್ಟೆ."

ನನ್ನದೂ ಒಂದು ಷರತ್ತಿತ್ತು. ಮದುವೆಯಾದ ಮೇಲೂ ಕೆಲಸ ಬಿಡಿಸಬಾರದು. ಮನಸ್ಸಿನೊಳಗೆ ಇನ್ನೊಂದು ಆಸೆ, ಯಾರಿಗೂ ಹೇಳಿರಲಿಲ್ಲ. ನಾನು ಏನು ಮಾಡ್ತೀನಿ ಅಂತ ಒಂದು ಸಲ ಕೂತು ಕೇಳೋ ಗಂಡು ಸಿಕ್ಕರೆ ಸಾಕು, ಜಮೀನು ಬೇಡ, ಬಣ್ಣ ಬೇಡ.

ಹುಣಸೂರಿನವರು

ಮೊದಲು ಬಂದವರು ಹುಣಸೂರು ಕಡೆಯ ಹೊಗೆಸೊಪ್ಪು ಬೆಳೆಯೋರು. ಹುಡುಗನ ತಾಯಿ ಕೇಸರಿಬಾತಿನ ತಟ್ಟೆ ಕೈಯಲ್ಲಿ ಹಿಡಿದು, "ಹುಡುಗಿ ಮೈಸೂರಲ್ಲಿ ಏನ್ ಮಾಡ್ಕಂಡವಳೆ?" ಅಂದರು.

ಅಪ್ಪ ಮೀಸೆ ತಿರುವಿ, "ಹಾರ್ಮೋನು ಕಣವ್ವ. ನಾಕು ವರ್ಸ ಆಯ್ತು" ಅಂದರು.

ಆಯಮ್ಮನ ಕೈಯಲ್ಲಿದ್ದ ತಟ್ಟೆ ಕೆಳಗಿಳಿಯಿತು. "ನಾಕು ವರ್ಸವಾ? ಇನ್ನೂ ಎಷ್ಟು ದಿನ ಅಂತಾರೆ?"

"ಇನ್ನೆರಡು ವರ್ಸ ಬೇಕೇ ಬೇಕಂತೆ. ನಮ್ಗೇನೂ ಖರ್ಚಿಲ್ಲ ಬುಡಿ, ಎಲ್ಲಾ ಸರ್ಕಾರದ್ದೇ."

ಸರ್ಕಾರವೇ ದುಡ್ಡು ಹಾಕಿ ನೋಡಿಕೊಳ್ಳುವಷ್ಟು ದೊಡ್ಡ ಕಾಯಿಲೆ! ಆಯಮ್ಮ ಎದ್ದು ಬಂದು ನನ್ನ ತಲೆ ಸವರಿ, "ದೇವ್ರವನೆ ಮಗ, ಧೈರ್ಯವಾಗಿರು" ಅಂದರು. ಅಪ್ಪನಿಗೆ ಅದು ಆಶೀರ್ವಾದದ ಹಾಗೆ ಕೇಳಿಸಿತು.

ವಾರದ ಮೇಲೆ ಮದುವೆ ದಲ್ಲಾಳಿಯ ಕೈಯಲ್ಲಿ ಅವರಿಂದ ಹೇಳಿಕೆ ಬಂತು. ಸಂಬಂಧ ಬೇಡವಂತೆ. ಆದರೆ ಬಿಳಿಕೆರೆ ಹತ್ತಿರ ಒಬ್ಬರು ನಾಟಿ ಔಷಧಿ ಕೊಡ್ತಾರಂತೆ, ಒಂದು ಸಲ ತೋರಿಸಬೇಕಂತೆ, ಪಥ್ಯ ಮಾತ್ರ ಕಟ್ಟುನಿಟ್ಟಂತೆ.

ಕಂಪಲಾಪುರದ ಮಟನ್ ಅಂಗಡಿ

ನನ್ನ ರಿಸೆಪ್ಟರ್ ಇರೋದು ಕುರಿಯ ಮಿದುಳಿನ ಬುಡದಲ್ಲಿ, ಕಡಲೆಕಾಳಿನಷ್ಟು ದೊಡ್ಡ ಪಿಟ್ಯುಟರಿ ಗ್ರಂಥಿಯಲ್ಲಿ. ಪಿರಿಯಾಪಟ್ಟಣ ಕಡೆಯ ಕಂಪಲಾಪುರ ನನ್ನ ಗೆಳತಿಯ ಊರು. ಅಲ್ಲಿ ಭಾನುವಾರ ಸಾಲಾಗಿ ಕುರಿ ಕಡೀತಾರೆ ಅಂತ ಒಂದು ಬೆಳಿಗ್ಗೆ ಥರ್ಮೋಕೋಲ್ ಡಬ್ಬ ಹಿಡಿದು ಮಟನ್ ಅಂಗಡಿ ಮುಂದೆ ನಿಂತೆ.

"ತಲೆ ಬ್ಯಾಡ್ವಾ? ಮಿದುಳೂ ಬ್ಯಾಡ್ವಾ? ಇಷ್ಟೇ ಇಷ್ಟು ಸಾಕಾ?" ಅಂತ ಅಂಗಡಿಯವನು ಮೂರು ಸಲ ಕೇಳಿದ. ಸಾಕು ಅಂದೆ. ಕಾಳಿನಷ್ಟು ಗ್ರಂಥಿ ತಗೊಂಡು ಡಬ್ಬದ ಮುಚ್ಚಳ ತೆಗೆದೆ. ಗ್ರಂಥಿ ಕೆಡದಿರಲಿ ಅಂತ ಒಳಗಿಟ್ಟಿದ್ದ ಡ್ರೈ ಐಸಿನಿಂದ ಬೆಳ್ಳಗೆ ಹೊಗೆ ಬುಸ್ಸಂತ ಎದ್ದಿತು. ಸಾಲಲ್ಲಿ ನಿಂತಿದ್ದ ಹೆಂಗಸರು ದೂರ ಸರಿದರು.

ಮುಂದಿನ ವಾರ ನನ್ನನ್ನು ನೋಡೋಕೆ ಬಂದ ಗಂಡಿನ ತಾಯಿ, ಅದೇ ಸಾಲಲ್ಲಿದ್ದವರು! ಕಾಫಿ ಕೊಡೋಕೆ ಬಗ್ಗಿದೆನೋ ಇಲ್ಲವೋ, "ಅಯ್ಯಯ್ಯೋ, ಅವ್ಳೇ ಕಣ್ಲಾ! ಕುರಿ ತಲೆ ಒಡಸಿ ಹೊಗೆಯೊಳಿಕ್ಕೆ ಹಾಕ್ಕಂಡೋದವ್ಳು! ಮಾಟದೋಳು! ಏಳ್ಲಾ, ಏಳು!" ಅಂತ ಮಗನ ರಟ್ಟೆ ಹಿಡಿದು ಎಳೆದುಕೊಂಡೇ ಹೋದರು. ಅಮ್ಮ ಅವತ್ತೆಲ್ಲ ಅತ್ತರು.

ಒಂದು ತಿಂಗಳಾದ ಮೇಲೆ ಅದೇ ಆಯಮ್ಮ ದಲ್ಲಾಳಿಯನ್ನು ಗುಟ್ಟಾಗಿ ಕಳಿಸಿದರು. ಸಂಬಂಧದ ಮಾತಿಗಲ್ಲ. ಪಕ್ಕದ ಜಮೀನಿನವನು ಇವರ ಬದು ಒತ್ತುವರಿ ಮಾಡಿದ್ದಾನೆ, ಅವನಿಗೆ ಏನಾದರೂ ಚೂರು ಮಾಟ ಮಾಡಿಕೊಡೋಕೆ ಆಗುತ್ತಾ ಅಂತ.

ಅಪ್ಪನ ಸಮಾಧಾನ

ಇದು ಚಿಕ್ಕದು, ಆದರೆ ಇದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತೆ. ಆ ಬೇಸಿಗೆ ಕರೆಂಟು ಹೋಗಿ, ಜನರೇಟರು ಕೈಕೊಟ್ಟು, ಫ್ರೀಜರಿನಲ್ಲಿದ್ದ ನನ್ನ ಸ್ಯಾಂಪಲ್ಲೆಲ್ಲ ಕರಗಿ ನೀರಾಯಿತು. ಮತ್ತೆ ಮೊದಲಿಂದ ಶುರು ಮಾಡಿದೆ. ಇನ್ನೇನು ಜೀನ್ ಕೈಗೆ ಸಿಕ್ಕಿತು ಅನ್ನುವಾಗ ನಮ್ಮ ಪ್ರೊಫೆಸರು ವಿದೇಶದ ಒಂದು ಪತ್ರಿಕೆ ತಂದು ಮೇಜಿನ ಮೇಲಿಟ್ಟು ಹೊರಟುಹೋದರು. ಅಲ್ಲಿ ಯಾರೋ ಅದನ್ನೇ ಕಂಡುಹಿಡಿದು ಬರೆದಾಗಿತ್ತು.

ಊರಿಗೆ ಹೋಗಿ ಅಪ್ಪನ ಮುಂದೆ ಗೊಳೋ ಅಂತ ಅತ್ತೆ. "ನಾನು ಹುಡುಕ್ತಿದ್ದುದನ್ನ ಬೇರೆಯೋರು ಹುಡುಕಿಬಿಟ್ರು ಅಪ್ಪಾ."

ಅಪ್ಪ ಟವೆಲಿನಿಂದ ನನ್ನ ಕಣ್ಣು ಒರೆಸಿ, ತುಂಬಾ ಪ್ರೀತಿಯಿಂದ ಹೇಳಿದರು. "ಸಿಕ್ತಲ್ಲ ಮಗ, ಅದಕ್ಯಾಕಳ್ತೀಯಾ? ಅಂಗಾರೆ ಇನ್ನು ನೀನು ಹುಡುಕೋದ್ ತಪ್ತು. ಭಾನುವಾರ ಕೋಟೆಯಿಂದ ಒಂದು ಗಂಡು ಬತ್ತದೆ, ಇಲ್ಲೇ ಇರು."

ಕೋಟೆಯ ಗಂಡು

ಎಚ್.ಡಿ. ಕೋಟೆಯಿಂದ ಬಂದವರು ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡೋರು. ಜೊತೆಗೆ ಅವರ ತಾಯಿ, ಸೋದರಮಾವ. ನಾನು ಯಾವ ಆಸೆಯೂ ಇಲ್ಲದೆ ಕಾಫಿ ಇಟ್ಟು ಕೂತೆ. ಮೇಷ್ಟ್ರು ಲೋಟ ಮುಟ್ಟಲಿಲ್ಲ. "ರಿಸೆಪ್ಟರ್ ಮೇಲೆ ಕೆಲಸ ಮಾಡ್ತೀರಂತೆ. ಸ್ವಲ್ಪ ಹೇಳ್ತೀರಾ? ನಿಜವಾಗ್ಲೂ ಕೇಳ್ತಿದೀನಿ" ಅಂದರು.

ಅಷ್ಟೇ ಸಾಕಾಯಿತು ನನಗೆ. ಲೋಟಗಳನ್ನು ಸಾಲಾಗಿಟ್ಟು ಜೀವಕೋಶ ಮಾಡಿದೆ. ಚಕ್ಕುಲಿ ಮುರಿದು ಹಾರ್ಮೋನ್ ಮಾಡಿದೆ. ಅಮ್ಮ ಬಾಗಿಲ ಸಂದಿಯಿಂದ ಕಣ್ಣು ಬಿಟ್ಟು ಹೆದರಿಸಿದರೂ ನಿಲ್ಲಿಸಲಿಲ್ಲ. ಅವರು ಮುಂದಕ್ಕೆ ಬಗ್ಗಿ, "ಹಾರ್ಮೋನ್ ಬರ್ದೇ ಹೋದ್ರೆ ರಿಸೆಪ್ಟರ್ ಕತೆ ಏನು?" ಅಂದರು.

"ಸ್ವಲ್ಪ ಕಾಲ ಇರುತ್ತೆ. ಆಮೇಲೆ ಕೋಶವೇ ಅದನ್ನ ಒಡೆದು ಹಾಕುತ್ತೆ."

"ಅಯ್ಯೋ ಪಾಪ" ಅಂದರು ಅವರು. ಅಲ್ಲಿಗೆ ನಾನು ಒಪ್ಪಿಯಾಗಿತ್ತು. ಅವರೂ ಅಷ್ಟೆ, ಮುಖದಲ್ಲೇ ಕಾಣ್ತಿತ್ತು.

ಅವರ ಸೋದರಮಾವ ಗಂಟಲು ಸರಿಮಾಡಿಕೊಂಡು, ತಾಂಬೂಲದ ತಟ್ಟೆಗೆ ಕೈ ಚಾಚಿ, "ಅಂಗಾರೆ ನಮ್ಗೆ..." ಅಂದರು. ಅಷ್ಟರಲ್ಲಿ ಅಪ್ಪ, "ತಡೀರಿ ತಡೀರಿ!" ಅಂತ ಗಡಿಯಾರ ತೋರಿಸಿದರು. ಭಾನುವಾರ, ನಾಲ್ಕೂವರೆ ದಾಟಿತ್ತು. ನನ್ನ ಪಾಠ ಮುಗಿಯೋ ಹೊತ್ತಿಗೆ ರಾಹುಕಾಲ ಬಂದು ಕೂತಿತ್ತು.

ರಾಹುಕಾಲದಲ್ಲಿ ಒಪ್ಪಿಗೆ ಅನ್ನಬಾರದು. ರಾಹುಕಾಲದಲ್ಲಿ ಹೊರಡಲೂಬಾರದು. ಸರಿ, ಆರು ಗಂಟೆವರೆಗೂ ಕೂರಬೇಕು. ಮಾತಿಗೆ ಬೇರೆ ಏನೂ ಇಲ್ಲ. ನಮ್ಮ ಕಡೆ ಹಿರಿಯರಿಗೆ ಹೊತ್ತು ಹೋಗದಿದ್ದರೆ ಬಳಗ ಕೆದಕುತ್ತಾರೆ.

"ನಿಮ್ ಅವ್ವನ ಅವ್ವನ ತವರು ಯಾವೂರವ್ವ?" ಅಂತ ಅವರ ಸೋದರಮಾವ ಅಮ್ಮನನ್ನು ಕೇಳಿದರು. ಅಮ್ಮ ಊರು ಹೇಳಿದರು. "ಯಾರ ಮನೆ?" ಮನೆ ಹೇಳಿದರು. "ಬಾವಿ ಮುಂದ್ಲ ಮನೆಯಾ?" ಹೌದು ಅಂದರು. ಹುಡುಗನ ತಾಯಿ ಎದ್ದು ನಿಂತುಬಿಟ್ಟರು. ಅವರ ತಾಯಿಯ ತಾಯಿಯೂ ಅದೇ ಮನೆಯವರು. ಅಮ್ಮನ ಅಜ್ಜಿ, ಅವರ ಅಜ್ಜಿ ಒಡಹುಟ್ಟಿದ ಅಕ್ಕತಂಗಿಯರು!

"ಅಯ್ಯೋ, ನನ್ನ ತಂಗೀ!" "ಅಕ್ಕಾ!" ಅಂತ ಇಬ್ಬರು ತಾಯಂದಿರೂ ತಬ್ಬಿಕೊಂಡು ಅತ್ತರು. ಅಪ್ಪನ ಕಣ್ಣಲ್ಲೂ ನೀರು. ತಾಯಂದಿರು ಅಕ್ಕತಂಗಿಯಾದರೆ ಮಕ್ಕಳು ವರಸೆಯಲ್ಲಿ ಅಣ್ಣತಂಗಿ. ಬಿಟ್ಟುಹೋಗಿದ್ದ ಬಳಗ ಸಿಕ್ಕಿದ ಸಂತೋಷಕ್ಕೆ ಮನೆಯಲ್ಲಿ ಹಬ್ಬ. ಸಂತೋಷವಾಗದೆ ಕೂತಿದ್ದವರು ಇಬ್ಬರೇ.

"ಅಣ್ಣನ ಕಾಲಿಗೆ ಬೀಳು ಮಗ" ಅಂದರು ಅಪ್ಪ. ಬಿದ್ದೆ. "ಒಳ್ಳೇದಾಗ್ಲಿ" ಅಂದು ಅವರು ಆರಿಹೋಗಿದ್ದ ಕಾಫಿ ಲೋಟಕ್ಕೆ ಕೈ ಹಾಕಿದರು. ಒಳಗೆ ಹೋಗಿ ಅಕ್ಕಿ ಡಬ್ಬದ ಹಿಂದೆ ಕೂತು ಅತ್ತೆ. ಇಷ್ಟು ವರ್ಷವಾದರೂ ಆ ಸಂಕಟ ಪೂರ್ತಿ ಹೋಗಿಲ್ಲ.

ಆಮೇಲೆ ಪಿಎಚ್.ಡಿ. ಮುಗಿಸಿದೆ, ಯಾರೋ ಕಂಡುಹಿಡಿದದ್ದಕ್ಕೆ ಬಾಲ ಜೋಡಿಸಿ. ಕಾಲೇಜಿನಲ್ಲಿ ಕೆಲಸ ಸಿಕ್ಕಿತು. ಬ್ಯಾಂಕಿನಲ್ಲಿರುವವರ ಜೊತೆ ಮದುವೆಯಾಯಿತು. ಒಳ್ಳೆಯವರು, ಕೆಲಸ ಬಿಡು ಅನ್ನಲಿಲ್ಲ. ಏನು ಕೆಲಸ ಅಂತಲೂ ಕೇಳಲಿಲ್ಲ.

ನನಗೆ ಒಡಹುಟ್ಟಿದ ಗಂಡುಮಕ್ಕಳಿಲ್ಲ. ಹಾಗಾಗಿ ಗೌರಿ ಹಬ್ಬಕ್ಕೆ ತವರಿನ ಬಾಗಿನ ಹೊತ್ತು ತರೋದು ಕೋಟೆಯ ಅಣ್ಣ. ಅಮ್ಮನ ಅಪ್ಪಣೆ. ಪ್ರತಿ ವರ್ಷ ಬರ್ತಾರೆ. ಮೊರ ಕೈಗಿಟ್ಟು, ಕೂತು, "ಈಗ ಯಾವ ರಿಸೆಪ್ಟರ್ ಮೇಲೆ ಕೆಲಸ?" ಅಂತಾರೆ. ನಾನು ಹೇಳ್ತೀನಿ. ಅವರು ಕೇಳ್ತಾರೆ. ಕಾಫಿ ಆರಿಹೋಗುತ್ತೆ.

ಹೋದ ಹಬ್ಬದಲ್ಲಿ ಅವರನ್ನು ಬಸ್ಸು ಹತ್ತಿಸಿ ಬಂದ ನನ್ನ ಯಜಮಾನರು, "ಇಂಥಾ ಅಣ್ಣ ಸಿಗೋಕೆ ಪುಣ್ಯ ಮಾಡಿರಬೇಕು ಕಣೆ" ಅಂದರು.

"ಪುಣ್ಯ ಅಲ್ಲ ರೀ," ಅಂದೆ, "ಅವತ್ತು ಪಾಠ ಸ್ವಲ್ಪ ಉದ್ದ ಮಾಡಿಬಿಟ್ಟೆ."