ಮೂರು ತಲೆಮಾರಿನ ಪಾತ್ರೆ

"ಇನ್ನು ಮುಂದೆ ಈ ಮನೆಗೆ ಯೋಚಿಸದೆ ಒಂದು ಸೂಜಿಯೂ ಬರಕೂಡದು!"

ಗಣಿತದ ಮೇಷ್ಟ್ರು ಹೀಗೆ ಘೋಷಿಸಿ ಫ್ರಿಜ್ಜಿನ ಬಾಗಿಲಿಗೆ ಹಾಳೆ ಅಂಟಿಸಿದರು. ನಿಯಮ ಒಂದು: ಏನೇ ಕೊಳ್ಳುವ ಮೊದಲು ಹದಿನೈದು ದಿನ ಯೋಚಿಸಬೇಕು. ನಿಯಮ ಎರಡು: ಇಪ್ಪತ್ತು ವರ್ಷ ಬಾಳದ ವಸ್ತು ಹೊಸ್ತಿಲು ದಾಟಕೂಡದು. ಕೆಳಗೆ ಸಹಿ, ತಾರೀಕು. ರಾಜಮುದ್ರೆಯೊಂದು ಬಾಕಿ!

ಹೆಂಡತಿ ಆಸ್ಪತ್ರೆಯಲ್ಲಿ ನರ್ಸು. ಏಳೂವರೆಗೆ ಡ್ಯೂಟಿಗೆ ಹೊರಡಬೇಕು. ಒಲೆಯ ಮೇಲೆ ಕುಕ್ಕರ್ ಸೀಟಿ ಹೊಡೆಯದೆ ಬರಿದೇ ಬುಸುಗುಟ್ಟುತ್ತಿತ್ತು.

"ರೀ, ಬರ್ತಾ ಒಂದು ಕುಕ್ಕರ್ ರಬ್ಬರ್ ತನ್ನಿ."

"ಎಷ್ಟು ವರ್ಷ ಬಾಳುತ್ತೆ?"

"ಒಂದು ವರ್ಷ ಬಂದ್ರೆ ಹೆಚ್ಚು."

"ಫೇಲ್! ಇರ್ಲಿ, ಹದಿನೈದು ದಿನ ಯೋಚಿಸ್ತೀನಿ."

ಅವಳೇ ತರೋಣವೆಂದರೆ, ಅವಳ ವಾರದ ರಜೆಯಂದೇ ಪಾತ್ರೆ ಅಂಗಡಿಗೂ ರಜೆ. ಉಳಿದ ದಿನ ಅವಳು ಬರುವಷ್ಟರಲ್ಲಿ ಅದು ಬಾಗಿಲು ಹಾಕಿರುತ್ತಿತ್ತು. ಮೇಷ್ಟ್ರು ಆರಾಮಕುರ್ಚಿಯಲ್ಲಿ ಕಾಲು ಚಾಚಿ, ಲೋಟದ ಮೇಲೆ ಲೋಟ ಕಾಫಿ ಕುಡಿದು ಯೋಚಿಸಿದರು. ಅವಳು ಅರ್ಧ ಗಂಟೆ ಮೊದಲೇ ಎದ್ದು, ಬೋಗುಣಿಯಲ್ಲಿ ಕಾಳು ಬೇಯಿಸಿದಳು. ಆ ಅರ್ಧ ಗಂಟೆ ಯಾವ ನಿಯಮದಲ್ಲೂ ಇರಲಿಲ್ಲ.

ಹದಿನಾರನೆಯ ಸಂಜೆ ಮೇಷ್ಟ್ರು ಏದುಸಿರು ಬಿಡುತ್ತ, ಒಂಬತ್ತು ಕಿಲೋ ತೂಕದ ಎರಕದ ಕಬ್ಬಿಣದ ಪಾತ್ರೆ ಹೊತ್ತು ತಂದರು.

"ರಬ್ಬರೂ ಬೇಡ, ಸೀಟಿಯೂ ಬೇಡ! ಮೂರು ತಲೆಮಾರು ಬಾಳುತ್ತೆ ಕಣೇ!"

ಆಗಷ್ಟೇ ಬಂದ ಹೆಂಡತಿ ಒಂದು ಕೈಯಲ್ಲಿ ಎತ್ತಿ ನೋಡಿದಳು. ಎರಡು ಕೈಯಲ್ಲಿ ನೋಡಿದಳು. "ಬೆಳಿಗ್ಗೆಯಿಂದ ರೋಗಿಗಳನ್ನ ಎತ್ತಿ ಎತ್ತಿ ಬಂದಿದೀನಿ. ಇದನ್ನ ನೀವೇ ತೊಳೆದಿಡಿ."

"ಅದೇನು ಮಹಾ!" ಎಂದು ಮೇಷ್ಟ್ರು ಅಂಗಿಯ ತೋಳು ಮಡಿಸಿದರು. ಸೋಪು ಹಚ್ಚಿದರು. ಪಾತ್ರೆ ಜಾರಿತು. ಪಿಂಗಾಣಿ ಸಿಂಕು ಎರಡು ಹೋಳು! ಪಾತ್ರೆಗೆ ಗೀರೂ ಇಲ್ಲ.

ಮರುದಿನ ಬೆಳಗಾಗುತ್ತಲೇ ನಲ್ಲಿ ರಿಪೇರಿಯವನು ಬಂದ. "ಎರಡು ಗಂಟೆ ಕೆಲ್ಸ ಸಾರ್, ಹೊಸದು ಕೂರಿಸಿಬಿಡ್ತೀನಿ."

"ಈಗ್ಲೇ ತಗೊಂಬಾಪ್ಪಾ!"

"ತಡೀರಿ." ಚಪ್ಪಲಿ ಮೆಟ್ಟುತ್ತಿದ್ದ ಹೆಂಡತಿ ಫ್ರಿಜ್ಜಿನತ್ತ ಬೆರಳು ತೋರಿದಳು. "ನಿಯಮ ಒಂದು."

"ಇದು ತುರ್ತು ಕಣೇ!"

"ರಬ್ಬರೂ ತುರ್ತೇ ಆಗಿತ್ತು. ಸಿಂಕು ಬರೋವರೆಗೂ ಪಾತ್ರೆ ತೊಳೆಯೋದು ನಿಮ್ದು."

"ಹಾಗಾದ್ರೆ ಹದಿನೈದು ದಿನ ಬಿಟ್ಟು ಬರ್ಲಾ, ಅಮ್ಮಾ?" ರಿಪೇರಿಯವನು ಚೀಲ ಹೆಗಲಿಗೇರಿಸಿದ. ಅಪ್ಪಣೆ ಯಾರದ್ದೆಂದು ಅವನಿಗೆ ಆಗಲೇ ಗೊತ್ತಾಗಿತ್ತು.

ಮೇಷ್ಟ್ರು ಬಚ್ಚಲಲ್ಲಿ ಕುಕ್ಕರಗಾಲಲ್ಲಿ ಕೂತು ಉಜ್ಜತೊಡಗಿದರು. ಮೂರನೆಯ ದಿನ ಮೊಣಕಾಲು ಮಾತಾಡಿತು. ಐದನೆಯ ದಿನ ಮೂರು ತಲೆಮಾರಿನ ಪಾತ್ರೆಗೆ ತುಕ್ಕು ಹಿಡಿಯಿತು. ಆರನೆಯ ದಿನ ಮುಂದಿದ್ದ ಹನ್ನೊಂದು ಲೋಟಗಳನ್ನು ಎಣಿಸಿದರು. ಒಂಬತ್ತು ಅವರೇ ಕಾಫಿ ಕುಡಿದಿಟ್ಟವು!

ಒದ್ದೆ ಕೈಯಲ್ಲೇ ಹೊಸ ಹಾಳೆ ತೆಗೆದು ದಪ್ಪಕ್ಷರದಲ್ಲಿ ಬರೆದರು: 'ನಿಯಮ ಮೂರು: ಏನೇ ಕೊಳ್ಳುವ ಮೊದಲು ಕೇಳಿಕೊಳ್ಳಬೇಕು, ಇದನ್ನು ತೊಳೆಯುವವರು ಯಾರು?'

ಡ್ಯೂಟಿಯಿಂದ ಬಂದ ಹೆಂಡತಿ ಎರಡು ಸಲ ಓದಿದಳು. ಅವಳ ಕಣ್ಣು ತುಂಬಿ ಬಂದೀತೆಂದು ಮೇಷ್ಟ್ರು ಕಾದರು. ಫ್ರಿಜ್ಜಿಗೆ ಅಂಟಿಸಲು ಹೋದ ಅವರ ಕೈಯನ್ನು ಅವಳು ಮೆಲ್ಲಗೆ ಹಿಡಿದಳು.

"ಬಹಳ ಚೆನ್ನಾಗಿದೆ ರೀ. ಅವಸರ ಬೇಡ, ಇನ್ನೂ ಒಂಬತ್ತು ದಿನ ಬಚ್ಚಲಲ್ಲೇ ಕೂತು ಯೋಚಿಸಿ. ಆಮೇಲೆ ಅಂಟಿಸೋಣ."