ದಿವಂಗತರ ವೀಲ್‌ಚೇರ್

ವೀಲ್‌ಚೇರ್‌ಗೆ ಆರು ಸಾವಿರದ ನಾನೂರು, ಅದರ ಬೆನ್ನಿಗೆ ಹೆಸರು ಬರೆಸಲು ಮುನ್ನೂರು. ಅಂಗಡಿಯವನು ಎಂಟೂವರೆ ಸಾವಿರದಿಂದ ಶುರು ಮಾಡಿದ್ದ. ನಾನು ಎರಡು ಸಲ ಎದ್ದು ಬಾಗಿಲವರೆಗೆ ಹೋಗಿ ಬಂದೆ. ಉರ್ವ ಮಾರ್ಕೆಟ್ಟಿನ ಬಳಿ ಹಳೆಯ ಫ್ರಿಜ್, ಕಪಾಟು ಕೊಂಡು ಮಾರುವವನು ನಾನು, ಗುಜರಿಯಿಂದ ಮೇಲೆ ಬಂದವನು. ಹೇಳಿದ ಕ್ರಯ ಕೊಟ್ಟು ಬಂದರೆ ಹೆಂಡತಿ ನನಗೆ ಜ್ವರ ಬಂದಿದೆಯೋ ಎಂದು ಹಣೆ ಮುಟ್ಟಿ ನೋಡುತ್ತಾಳೆ. ಖರ್ಚಿಗೆ ಕಾರಣ, ಅಮ್ಮ ತೀರಿಹೋಗಿ ವರ್ಷವಾಗಿತ್ತು. ವರ್ಷದ ಪೂಜೆಗೆ ಊಟ ಹಾಕಿಸುವ ಬದಲು ನಮ್ಮ ಇಗರ್ಜಿಯ ಆರೋಗ್ಯ ಸೇವಾ ಸಮಿತಿಗೆ ಏನಾದರೂ ಕೊಡುವುದೆಂದು ನಿಶ್ಚಯಿಸಿದೆ. ಸಮಿತಿಯವರು ಕಾಯಿಲೆಯವರ ಮನೆಗೆ ಹೋಗಿ ಬಿ.ಪಿ. ನೋಡುತ್ತಾರೆ, ಪ್ರಾರ್ಥನೆ ಮಾಡುತ್ತಾರೆ, ವಾಕರ್, ಮಂಚ ಎರವಲು ಕೊಡುತ್ತಾರೆ. ವೀಲ್‌ಚೇರ್ ಮಾತ್ರ ಅವರಲ್ಲಿ ಇರಲಿಲ್ಲ.

ಹೆಸರು ಬರೆಸಿದ್ದು ತಪ್ಪೆಂದು ನಾನು ಇವತ್ತಿಗೂ ಒಪ್ಪುವುದಿಲ್ಲ. ನಮ್ಮ ಇಗರ್ಜಿಯಲ್ಲಿ ಹೆಸರಿಲ್ಲದ ಒಂದು ವಸ್ತು ತೋರಿಸಿ ನೋಡೋಣ. ಬೆಂಚಿನ ಮೇಲೆ ಹೆಸರು, ಫ್ಯಾನಿನ ರೆಕ್ಕೆಯ ಮೇಲೆ ಹೆಸರು. ಫ್ಯಾನು ತಿರುಗುವಾಗ ಅದು ಯಾರಿಗೂ ಕಾಣದಾದ್ದರಿಂದ ಕೊಟ್ಟವರ ಮಗ ಪೂಜೆ ಮುಗಿದ ಕೂಡಲೇ ಓಡಿ ಹೋಗಿ ಸ್ವಿಚ್ ಆಫ್ ಮಾಡುತ್ತಾನೆ. ಕೈ ತೊಳೆಯುವ ನಲ್ಲಿಗೂ ಒಬ್ಬರು ದಿವಂಗತರಿದ್ದಾರೆ. ನನ್ನ ಅಮ್ಮ ಏನು ಕಡಿಮೆ? ಪೇಂಟರ್ ಅಕ್ಷರಕ್ಕಿಷ್ಟು ಎಂದ. ನಾನು ಒಟ್ಟಿಗೆ ಮುನ್ನೂರು ಎಂದು ಮುಗಿಸಿದೆ. ಹಣ ಅಷ್ಟೇ ಆದ ಮೇಲೆ ಅಕ್ಷರ ಸಣ್ಣದೇಕೆ? ಕಪ್ಪು ರೆಕ್ಸಿನ್ ತುಂಬ ಹಳದಿಯಲ್ಲಿ ಬರೆಸಿದೆ. ಎಲ್ಲಕ್ಕಿಂತ ಮೇಲೆ, ದೊಡ್ಡದಾಗಿ ‘ದಿವಂಗತ’, ಅದರ ಕೆಳಗೆ ‘ಸೆವ್ರಿನ್ ಬಾಯಿ ಸ್ಮರಣಾರ್ಥ’, ಇನ್ನೂ ಕೆಳಗೆ ‘ಮಗ ಆಲ್ಬರ್ಟ್’.

ಕುರ್ಚಿ ಮೊದಲು ಬೇಕಾದದ್ದು ನಮ್ಮ ವಾರ್ಡಿನ ಕಾರ್ಮಿನ್ ಬಾಯಿಗೆ. ಎಂಬತ್ತು ದಾಟಿದ ಟೈಲರ್. ಸೊಂಟದ ಮೂಳೆ ಮುರಿದು ಐದು ತಿಂಗಳಿಂದ ಇಗರ್ಜಿ ಕಂಡಿರಲಿಲ್ಲ. ಫಾದರ್ ತಿಂಗಳಿಗೊಮ್ಮೆ ಮನೆಗೇ ಪರಮಪ್ರಸಾದ ತರುತ್ತಿದ್ದರು. ಆದರೆ ಅವರಿಗೆ ಬೇಕಾದದ್ದು ಎಡಬದಿಯ ಮೂರನೇ ಬೆಂಚಿನ ಬಳಿ ತಮ್ಮ ಜಾಗ, ಭಾನುವಾರದ ಪೂಜೆ, ಆಮೇಲೆ ಅಂಗಳದಲ್ಲಿ ಯಾರ ಬ್ಲೌಸು ಎಲ್ಲಿ ಸುಕ್ಕುಗಟ್ಟಿದೆ ಎಂದು ನೋಡುವ ಸುಖ.

ಸಮಿತಿಯ ಮುಖ್ಯಸ್ಥೆ ಐರಿನ್, ಗಲ್ಫಿನಲ್ಲಿ ನರ್ಸ್ ಆಗಿದ್ದು ನಿವೃತ್ತಿಯಾದವರು, ಕುರ್ಚಿ ತಳ್ಳಿಕೊಂಡು ಹೋದರು. ಖಾಲಿ ಕುರ್ಚಿಯನ್ನೇ ತಳ್ಳಿಕೊಂಡು ಬಂದರು. ಬೆನ್ನಿನ ಬರಹ ಓದಿದ ಕಾರ್ಮಿನ್ ಬಾಯಿ, ಇದರಲ್ಲಿ ಕೂತರೆ ಹಿಂದಿನ ಬೆಂಚಿನವರಿಗೆ ಮೇಲೆ ತನ್ನ ತಲೆ, ಕೆಳಗೆ ‘ದಿವಂಗತ’ ಕಾಣುತ್ತದೆ, ಅರ್ಧ ಜನ ಅಲ್ಲಿಯೇ ತನ್ನ ಆತ್ಮಕ್ಕೆ ಶಾಂತಿ ಕೋರಿಯಾರು ಎಂದರಂತೆ.

“ಆಲ್ಬರ್ಟ್, ನೀವು ಕೊಟ್ಟದ್ದು ಕುರ್ಚಿಯಾ, ಬೋರ್ಡಾ?” ಎಂದರು ಐರಿನ್. “ಅಳಿಸಿ ಕೊಡಿ ಮಾರಾಯ್ರೆ.”

ಅಳಿಸುವುದಿಲ್ಲ ಎಂದೆ. ಟವೆಲ್ ಹಾಕಿ ಮುಚ್ಚಿ ಎಂದೆ. ಟವೆಲ್ ಜಾರುತ್ತದಂತೆ. ಹೀಗೆ ಮೂರು ಭಾನುವಾರ ಕಳೆಯಿತು: ಕುರ್ಚಿ ಸಮಿತಿಯ ಕೋಣೆಯಲ್ಲಿ, ಕಾರ್ಮಿನ್ ಬಾಯಿ ಮಂಚದಲ್ಲಿ, ನಾನು ನನ್ನ ಹಠದಲ್ಲಿ. ಕೊನೆಗೆ ನಾನೇ ಕಾರ್ಮಿನ್ ಬಾಯಿಯ ಮನೆಗೆ ಹೋಗಿ ಒಪ್ಪಿಸುತ್ತೇನೆಂದು ಹೊರಟೆ. ಕೆಟ್ಟ ಫ್ರಿಜ್ಜನ್ನು ಇಲಿ ನುಗ್ಗದ ಅಕ್ಕಿ ಪೆಟ್ಟಿಗೆ ಎಂದು ಮಾರಿದವನಿಗೆ ಇದೊಂದು ಕಷ್ಟವೇ?

‘ದಿವಂಗತ’ ಮಾತ್ರ ಅಳಿಸುತ್ತೇನೆ ಎಂದು ಶುರು ಮಾಡಿದೆ. ಆಗುವುದಿಲ್ಲ ಎಂದರು. ನನ್ನ ಹೆಸರನ್ನೂ ಬಿಟ್ಟುಕೊಟ್ಟೆ. ಆದರೂ ಆಗುವುದಿಲ್ಲ. ಅಮ್ಮನ ಹೆಸರು ಮಾತ್ರ ಬಿಡಲಾರೆ, ಅವಳ ನೆನಪಿಗೇ ಕೊಟ್ಟದ್ದು ಎಂದು ಎದೆ ಸೆಟೆಸಿದೆ.

ಅವರು ಕನ್ನಡಕ ತೆಗೆದು ನೈಟಿಯ ಅಂಚಿನಲ್ಲಿ ಒರೆಸಿದರು. “ಪುತಾ, ನಿನ್ನ ಅಮ್ಮ ಕೊನೆಗೆ ಎರಡು ವರ್ಷ ಮನೆಯಲ್ಲೇ ಕೂತಿದ್ದಳಲ್ಲ. ಆಗ ಈ ಕುರ್ಚಿ ಎಲ್ಲಿತ್ತು?”

ನನ್ನಲ್ಲಿ ಉತ್ತರಗಳಿದ್ದವು. ಭಾನುವಾರವೇ ಅಂಗಡಿಗೆ ಹೆಚ್ಚು ಗಿರಾಕಿಗಳು, ಟಿ.ವಿ.ಯಲ್ಲೂ ಪೂಜೆ ಬರುತ್ತದೆ. ಅಮ್ಮನೇ ಬೇಡ ಅಂದಿದ್ದಳು. ಕೊನೆಯದು ಸುಳ್ಳು. ಅಮ್ಮ ಎರಡು ಸಲ ಕೇಳಿದ್ದಳು. ಸೆಕೆಂಡ್‌ಹ್ಯಾಂಡ್ ಒಂದು ಸಿಗಲಿ, ನೋಡುವ ಎಂದಿದ್ದೆ.

ನಾನು ಸೋತೆನೆಂದು ಯಾರೂ ತಿಳಿಯಬೇಡಿ. ಕುರ್ಚಿಯನ್ನು ಮನೆಗೆ ತಂದು ಥಿನ್ನರ್ ಹಾಕಿ ನಾನೇ ತಿಕ್ಕಿದ್ದು, ಯಾರ ಒತ್ತಾಯಕ್ಕೂ ಅಲ್ಲ. ‘ಮಗ’ ಎಂಬುದನ್ನು ಮೊದಲು ಅಳಿಸಿದೆ. ಹಳದಿ ಹೋಯಿತು, ರೆಕ್ಸಿನ್‌ನ ಹೊಳಪೂ ಹೋಯಿತು. ಮುಂದಿನ ಭಾನುವಾರ ಅಂಗಡಿ ಮುಚ್ಚಿ ನಾನೇ ತಳ್ಳಿಕೊಂಡು ಹೋದೆ. ತಾನು ಫ್ರಿಜ್ ಅಲ್ಲ, ಮೆಲ್ಲ ತಳ್ಳು ಎಂದು ಕಾರ್ಮಿನ್ ಬಾಯಿ ದಾರಿಯುದ್ದಕ್ಕೂ ಬೈದರು. ಮೂರನೇ ಬೆಂಚಿನ ಬಳಿ ನಿಲ್ಲಿಸಿದ ಮೇಲೆ ಮಾತ್ರ ಅವರ ಬಾಯಿ ನಿಂತಿತು.

ನೀವು ವೀಲ್‌ಚೇರ್ ಕೊಳ್ಳುವುದಿದ್ದರೆ ಕೇಳಿ. ಮೊದಲು ಮನೆಯ ಬಾಗಿಲಿನ ಅಗಲ ಅಳೆಯಿರಿ. ಕಾಲಿಡುವ ಹಲಗೆ ಮಡಚುವಂಥದ್ದೇ ಇರಲಿ. ಇಳಿಜಾರಿನಲ್ಲಿ ಯಾವಾಗಲೂ ಹಿಮ್ಮುಖವಾಗಿ ಇಳಿಸಿ, ಕೂತವರು ಮುಗ್ಗರಿಸುವುದಿಲ್ಲ. ಚೌಕಾಸಿ ಮಾಡಬೇಡಿ ಎಂದು ನಾನು ಖಂಡಿತ ಹೇಳುವುದಿಲ್ಲ, ಧಾರಾಳ ಮಾಡಿ. ಆದರೆ ಶನಿವಾರ ಸಂಜೆಯೊಳಗೆ ಮುಗಿಸಿ. ಮರುದಿನ ಪೂಜೆ ಉಂಟು.