ಸಿ.ಡಿ.ಗೆ ವಿಭೂತಿ ಹಚ್ಚಿದ ಪ್ರಸಂಗ

ಮುಳವಾಡದಿಂದ ಗೊಳಸಂಗಿಯವರೆಗೆ ನಾನು ಬಿಚ್ಚದ ಪಂಪ್‌ಸೆಟ್ ಇಲ್ಲ. ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತಿ, ವಿಭೂತಿ ಎಳೆದು, ಕುಂಕುಮ ಇಟ್ಟು, ಊದಿನಕಡ್ಡಿ ಬೆಳಗಿ ಗುಂಡಿ ಒತ್ತಿದೆನೆಂದರೆ ನೀರು ಬಂದೇ ತೀರಬೇಕು! ಇಂಥ ಕೈಗೆ ಒಂದು ಕಂಪ್ಯೂಟರ್ ಯಾವ ಲೆಕ್ಕ?

ಕಂಪ್ಯೂಟರ್ ನನ್ನ ಹೆಂಡತಿ ಗಿರಿಜಾಳದ್ದು. ಬಾಗೇವಾಡಿಯ ಶಾಲೆಯೊಂದರಲ್ಲಿ ಅವಳು ಶಿಕ್ಷಕಿ. ಶಾಲೆಯ ಗ್ಯಾದರಿಂಗಿಗೆಂದು, ಅಂದರೆ ವಾರ್ಷಿಕೋತ್ಸವಕ್ಕೆಂದು, 'ರಾಜನ ಹಲ್ಲುನೋವು' ಎಂಬ ನಾಟಕವನ್ನು ಎರಡು ತಿಂಗಳು ಕೂತು ಅದರಲ್ಲೇ ಬರೆದಿದ್ದಳು. ಹುಡುಗಿಯರಿಗೆ ಅವರವರ ಮಾತನ್ನಷ್ಟೇ ಬಾಯಲ್ಲಿ ಹೇಳಿ ಕಲಿಸಿದ್ದಳು. ಇಡೀ ನಾಟಕ ಇದ್ದದ್ದು ಕಂಪ್ಯೂಟರಿನ ಹೊಟ್ಟೆಯಲ್ಲಿ ಮಾತ್ರ. ಆ ಕಂಪ್ಯೂಟರೋ, ಗುಂಡಿ ಒತ್ತಿ ನಾಲ್ಕು ರೊಟ್ಟಿ ಬಡಿದು ಬಂದರೂ ಕಣ್ಣು ಬಿಡುತ್ತಿರಲಿಲ್ಲ.

"ವಿಜಾಪುರಕ್ಕ ಒಯ್ದು ಯಾರಿಗರೆ ತೋರಸ್ರಿ. ಎಂಟು ದಿನಕ್ಕ ಗ್ಯಾದರಿಂಗ್ ಐತಿ," ಎಂದಳು.

"ಇದರಾಗ ಏನೈತಿ? ನಾ ಬಿಚ್ಚದ ಪಂಪ್‌ಸೆಟ್ ಇಲ್ಲ!"

"ಅದು ಪಂಪ್‌ಸೆಟ್ ಅಲ್ರಿ!" ಎನ್ನುತ್ತಲೇ ಅವಳು ಶಾಲೆಗೆ ಹೋದಳು. ಶನಿವಾರ ಅವಳಿಗೆ ಬೆಳಗಿನ ಶಾಲೆ. ನನಗೆ ಐದು ತಾಸು ಸಿಕ್ಕವು. ಒಂದು ಸಂಸಾರ ಕೆಡಿಸಲು ಅಷ್ಟು ಸಾಕು!

ಪಕ್ಕದ ಮನೆಯ ದಸ್ತಗೀರಣ್ಣನಿಗೆ ಫೋಟೋ ಸ್ಟುಡಿಯೋ ಇದೆ. ಹೊಸ ಆಪರೇಟಿಂಗ್ ಸಿಸ್ಟಮ್ ಇದ್ದ ಸಿ.ಡಿ.ಯನ್ನು ಅವನಿಂದ ಮೊದಲೇ ತಂದಿಟ್ಟಿದ್ದೆ. ಆದರೆ ಪೂಜೆ ಇಲ್ಲದೆ ಕೆಲಸ ಶುರು ಮಾಡುವ ಪೈಕಿ ನಾನಲ್ಲ. ಸಿ.ಡಿ.ಯನ್ನು ತಿರುಗಿಸಿ ನೋಡಿದೆ. ಒಂದು ಕಡೆ ಬರಹ, ಇನ್ನೊಂದು ಕಡೆ ಕನ್ನಡಿಯಂತೆ ಹೊಳಪು. ಹೊಳೆಯುವುದೇ ಮುಖವಿರಬೇಕು ಎಂದುಕೊಂಡು ಅಲ್ಲೇ ಒದ್ದೆ ಬೆರಳಿನಿಂದ ಮೂರೆಳೆ ವಿಭೂತಿ ಎಳೆದು, ನಡುವೆ ಕುಂಕುಮ ಇಟ್ಟು, ಭಕ್ತಿಯಿಂದ ಒಳಗೆ ತಳ್ಳಿದೆ.

ಕಂಪ್ಯೂಟರ್ ಗರ್ರ್ ಎಂದಿತು. ಸುಮ್ಮನಾಯಿತು. ಮತ್ತೆ ಗರ್ರ್! ಪೂಜೆ ಸಾಲದೇನೋ ಎಂದು ಊದಿನಕಡ್ಡಿ ಹಚ್ಚಿದೆ. ಅರ್ಧ ತಾಸಾದರೂ ಅದೇ ರಾಗ. ಸೋತು ದಸ್ತಗೀರಣ್ಣನನ್ನು ಕರೆದೆ. ಅವನು ಸಿ.ಡಿ. ಹೊರತೆಗೆದವನೇ ಹೌಹಾರಿದ.

"ಮಲ್ಲಣ್ಣಾ, ಕ್ಯಾಮೆರಾದ ಕಣ್ಣಿಗೆ ಯಾರರೆ ವಿಭೂತಿ ಹಚ್ಚತಾರೇನು? ಇದು ಕಂಪ್ಯೂಟರ್ ಓದೂ ಕಡಿ ಮಾರಾಯಾ!"

ಲೆನ್ಸ್ ಒರೆಸುವ ಬಟ್ಟೆಯಿಂದ ಅವನು ಒರೆಸಿ ಕೊಟ್ಟದ್ದೇ ತಡ, ಕೆಲಸ ಶುರುವಾಯಿತು. "ನಾ ಬರೂತನಕ ಏನೂ ಒತ್ತಬ್ಯಾಡ. ಸ್ಟುಡಿಯೋದಾಗ ಗಿರಾಕಿ ಕುಂತಾರ," ಎಂದು ಹೇಳಿ ಹೋದ.

ಪರದೆ ಇಂಗ್ಲಿಷಿನಲ್ಲಿ ಏನೋ ಕೇಳಿತು. ಹಳೆಯದೆಲ್ಲ ಅಳಿಸಿಹೋಗುತ್ತದೆ, ಒಪ್ಪಿಗೆಯೇ ಎಂಬಷ್ಟು ಅರ್ಥವಾಯಿತು. ಹಳೆಯದು ಅಂದರೆ ಕೊಳೆ! ಮೋಟಾರನ್ನೂ ನಾವು ಮೊದಲು ಸೀಮೆಎಣ್ಣೆಯಲ್ಲಿ ತೊಳೆಯುವುದಿಲ್ಲವೇ? ಒಪ್ಪಿಗೆ ಒತ್ತಿದೆ.

ಮಧ್ಯಾಹ್ನ ಗಿರಿಜಾ ಬರುವಷ್ಟರಲ್ಲಿ ಕಂಪ್ಯೂಟರ್ ಮದುಮಗಳಂತೆ ಮಿಂಚುತ್ತಿತ್ತು. ಒಂದೇ ನಿಮಿಷಕ್ಕೆ ಕಣ್ಣು ಬಿಟ್ಟಿತು! ಅವಳ ಮುಖವೂ ಅರಳಿತು. ಕುರ್ಚಿ ಎಳೆದು ಕೂತು ಹುಡುಕಿದಳು. ಮತ್ತೆ ಹುಡುಕಿದಳು.

"ಏನ್ರಿ, ನನ್ನ ನಾಟಕ ಎಲ್ಲೈತ್ರಿ?"

ನಾನು ಸೀಮೆಎಣ್ಣೆಯ ಸಿದ್ಧಾಂತವನ್ನು ವಿವರಿಸಿದೆ. ಅವಳು ಬೈಯಲಿಲ್ಲ. ಕಣ್ಣು ತುಂಬಿಕೊಂಡು ಒಳಗೆ ಹೋದಳು. ಬೈದಿದ್ದರೆ ಚೆನ್ನಾಗಿತ್ತು. ಆವತ್ತು ನನಗೆ ನಿಜಕ್ಕೂ ಊಟ ಇಳಿಯಲಿಲ್ಲ.

ಸಂಜೆ ತಾನೇ ಹೊರಬಂದು ಹೇಳಿದಳು: "ಹುಡುಗ್ಯಾರಿಗೆ ಅವರವರ ಮಾತು ಬಾಯಿಪಾಠ ಬರ್ತಾವ. ನಾಳೆ ಎಲ್ಲಾರನ್ನೂ ಮನಿಗೆ ಕರೀತೇನಿ. ಅವರು ಹೇಳಲಿ, ನೀವು ಬರೀರಿ!"

ಭಾನುವಾರ ಹನ್ನೊಂದು ಹುಡುಗಿಯರು ಪಡಸಾಲೆಯಲ್ಲಿ ಸಾಲಾಗಿ ಕೂತು ಸರದಿಯ ಪ್ರಕಾರ ನಾಟಕ ಹೇಳಿದರು. ಕಂಪ್ಯೂಟರಿನಲ್ಲೇ ಬರೆಯೋಣವೆಂದರೆ ಕನ್ನಡದ ತಂತ್ರಾಂಶವನ್ನೂ ನಾನು ತೊಳೆದುಬಿಟ್ಟಿದ್ದೆ! ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಕೈಯಿಂದಲೇ ಬರೆದೆ. ನಡುನಡುವೆ ಚುರಮರಿ ಹಂಚಿದೆ. "ಮಾಮಾ, ಬಾಯಿ ತಪ್ಪಿತು, ಅದನ್ನ ಹೊಡೀರಿ," ಎಂದು ರಾಣಿಯ ಪಾತ್ರದವಳು ಅಪ್ಪಣೆ ಕೊಟ್ಟರೆ ಆ ಸಾಲು ಹೊಡೆದುಹಾಕಿದೆ. ಹೊತ್ತು ಮುಳುಗುವಷ್ಟರಲ್ಲಿ ನಾಟಕ ಮರಳಿ ಬಂತು, ಮೊದಲಿಗಿಂತ ಚೆಂದವಾಗಿ. ಗಿರಿಜಾ ನಕ್ಕಳು. ನನಗೆ ಹೋದ ಜೀವ ಬಂದಂತಾಯಿತು.

ಗ್ಯಾದರಿಂಗಿನ ದಿನ ಮುಂದಿನ ಸಾಲಿನಲ್ಲೇ ಕೂತಿದ್ದೆ. ಬರೆದವನು ನಾನಲ್ಲವೇ! ಅಷ್ಟರಲ್ಲಿ ನಾನು ಬರೆಯದ ಒಂದು ಪಾತ್ರ ಬಂತು. ಮೀಸೆ ಹಚ್ಚಿಕೊಂಡ ಹುಡುಗಿ, ಕೈಯಲ್ಲಿ ನನ್ನದೇ ಇಕ್ಕಳ, ಅದಕ್ಕೆ ಮೂರೆಳೆ ವಿಭೂತಿ!

"ಇದರಾಗ ಏನೈತಿ ಮಹಾರಾಜಾ? ನಾ ಬಿಚ್ಚದ ಬಾಯಿ ಇಲ್ಲ!" ಎಂದವಳೇ ರಾಜನ ಒಳ್ಳೆಯ ಹಲ್ಲನ್ನೆಲ್ಲ ಕಿತ್ತು, ನೋಯುತ್ತಿದ್ದ ಒಂದನ್ನು ಮಾತ್ರ ಹಾಗೇ ಬಿಟ್ಟಳು.

ಜನ ಬಿದ್ದು ಬಿದ್ದು ನಕ್ಕರು. ಎಲ್ಲರಿಗಿಂತ ಜೋರಾಗಿ ನಾನೇ ನಕ್ಕು, ಫೋಟೋ ತೆಗೆಯಲು ನಿಂತಿದ್ದ ದಸ್ತಗೀರಣ್ಣನಿಗೆ "ಬೇಗ ಹೊಡಿಯೋ!" ಎಂದು ಸನ್ನೆ ಮಾಡಿದೆ. ಅವನು ಹೊಡೆದ. ಕ್ಯಾಮೆರಾ ತಿರುಗಿದ್ದು ನನ್ನ ಕಡೆಗೆ!